ದೂರ ಎಷ್ಟು ಎಂದು ಕೇಳಿದರೆ ಸಾಲದು



ಕೆಲವು ವರ್ಷಗಳ ಹಿಂದೆ ಬಸರಾಳು ಕಡೆಯ ಒಂದು ಹಿರಿಯ ಪ್ರಾಥಮಿಕ ಶಾಲೆಗೆ ವಿಜ್ಞಾನ ಸ್ಪರ್ಧೆ ನಡೆಸಲು ಹೋಗಿದ್ದೆ. ಪ್ರಶ್ನೆಪತ್ರಿಕೆಯನ್ನು ನಾನೇ ಸಿದ್ಧಪಡಿಸಿದ್ದೆ. ಅದರಲ್ಲಿ ಒಂದು ಪ್ರಶ್ನೆ ಹೀಗಿತ್ತು:

"ಅರಬ್ಬೀ ಸಮುದ್ರದಲ್ಲಿರುವ ಲಕ್ಷದ್ವೀಪದ ಅಗತ್ತಿಯಲ್ಲಿ ಒಂದು ವಿಮಾನ ನಿಲ್ದಾಣವಿದೆ. ಬಂಗಾಳ ಕೊಲ್ಲಿಯ ಅಂಡಮಾನಿನ ಪೋರ್ಟ್ ಬ್ಲೇರ್‌ನಲ್ಲಿ ಇನ್ನೊಂದಿದೆ. ಇವೆರಡರ ನಡುವಿನ ದೂರ 2240 ಕಿ.ಮೀ. ಗಂಟೆಗೆ 800 ಕಿ.ಮೀ. ವೇಗದಲ್ಲಿ ಹಾರುವ ವಿಮಾನ ಎಷ್ಟು ಹೊತ್ತಿನಲ್ಲಿ ತಲಪುತ್ತದೆ?"

ದೂರವನ್ನು ವೇಗದಿಂದ ಭಾಗಿಸಿದರೆ 2.8 ಗಂಟೆ. ಅಂದರೆ 2 ಗಂಟೆ 48 ನಿಮಿಷ. ಹೆಚ್ಚಿನ ಮಕ್ಕಳು ಹಾಗೆಯೇ ಬರೆದಿದ್ದರು. ಒಬ್ಬ ಹುಡುಗಿ ಮಾತ್ರ "2 ಗಂಟೆ 48 ನಿಮಿಷಕ್ಕಿಂತ ಜಾಸ್ತಿ ಆಗುತ್ತದೆ" ಎಂದು ಬರೆದು ಬಿಟ್ಟಿದ್ದಳು. ನಾನು ಸೊನ್ನೆ ಹಾಕಿದೆ. ಅವಳು ಎದ್ದು ನಿಂತು, "ಸಾ, ವಿಮಾನ ನಿಂತ ಜಾಗದಿಂದ್ಲೇ ಎಂಟುನೂರು ಸ್ಪೀಡಲ್ಲಿ ಹೊಂಟೋಯ್ತದಾ?" ಎಂದು ಕೇಳಿದಳು. ಮಕ್ಕಳೆಲ್ಲ ನಕ್ಕರು. ನಾನೂ ನಕ್ಕು, "ಲೆಕ್ಕದಲ್ಲಿ ಅದನ್ನೆಲ್ಲ ಕೇಳಿಲ್ಲಮ್ಮ, ಕೂತ್ಕೋ" ಎಂದೆ.

ಸಂಜೆ ಬಸ್ಸಿನಲ್ಲಿ ಮಂಡ್ಯಕ್ಕೆ ಹೊರಟೆ. ಬಸರಾಳಿನಿಂದ ಮಂಡ್ಯಕ್ಕೆ ಸುಮಾರು 25 ಕಿ.ಮೀ. ಬಸ್ಸು ಗಂಟೆಗೆ 50 ಕಿ.ಮೀ. ವೇಗದಲ್ಲಿ ಓಡಬಲ್ಲದು. ನನ್ನ ಲೆಕ್ಕದ ಪ್ರಕಾರ ಅರ್ಧ ಗಂಟೆ ಸಾಕು. ಆದರೆ ಬಸ್ಸು ಊರೂರಿಗೂ ನಿಂತಿತು. ಹಾಲಿನ ಕ್ಯಾನು ಇಳಿಸಿದರು, ಕಬ್ಬಿನ ಗಾಡಿಗಳ ಹಿಂದೆ ತೆವಳಿತು. ಮಂಡ್ಯ ಮುಟ್ಟುವಾಗ ಒಂದು ಗಂಟೆ ಮೀರಿತ್ತು. ಇಳಿಯುವಾಗ ನನಗೆ ನಾಚಿಕೆಯಾಯಿತು. ದಿನವೂ ನಾನೇ ಅನುಭವಿಸುವ ಸತ್ಯವನ್ನು ಆ ಹುಡುಗಿ ಬರೆದಿದ್ದಳು. ನಾನು ಅದಕ್ಕೆ ಸೊನ್ನೆ ಹಾಕಿ ಬಂದಿದ್ದೆ.

ಅಂದಿನಿಂದ ನನ್ನ ಅಭಿಪ್ರಾಯ ಬದಲಾಗಿದೆ. ದೂರವೇ ಬೇರೆ, ಪ್ರಯಾಣದ ಕಾಲವೇ ಬೇರೆ. ಇವೆರಡನ್ನೂ ಬೇರೆ ಬೇರೆಯಾಗಿ ಅಳೆಯಲು ಪ್ರತಿ ಶಾಲೆಯ ಮಕ್ಕಳೂ ಕಲಿಯಬೇಕು. ಏಕೆ ಎಂದು ಹೇಳುತ್ತೇನೆ, ಕೇಳಿ.

ದಾರ ಹಿಡಿದು ಅಳೆಯೋಣ

ನಿಮ್ಮ ಶಾಲೆಯ ಗ್ಲೋಬನ್ನು ತೆಗೆದುಕೊಳ್ಳಿ. ಅಗತ್ತಿ ಇರುವುದು ಸುಮಾರು 10.8 ಡಿಗ್ರಿ ಉತ್ತರ ಅಕ್ಷಾಂಶ, 72.2 ಡಿಗ್ರಿ ಪೂರ್ವ ರೇಖಾಂಶದಲ್ಲಿ. ಪೋರ್ಟ್ ಬ್ಲೇರ್ ಇರುವುದು ಸುಮಾರು 11.6 ಡಿಗ್ರಿ ಉತ್ತರ, 92.7 ಡಿಗ್ರಿ ಪೂರ್ವದಲ್ಲಿ. (ಈ ಊರಿಗೆ 2024ರ ಸೆಪ್ಟೆಂಬರ್‌ನಲ್ಲಿ ಶ್ರೀ ವಿಜಯಪುರಂ ಎಂದು ಹೆಸರಿಡಲಾಯಿತು. ಹಳೆಯ ಭೂಪಟಗಳಲ್ಲಿ ಪೋರ್ಟ್ ಬ್ಲೇರ್ ಎಂದೇ ಇರುತ್ತದೆ.) ಈ ಎರಡು ಬಿಂದುಗಳ ನಡುವೆ ಒಂದು ದಾರವನ್ನು ಬಿಗಿಯಾಗಿ ಹಿಡಿಯಿರಿ. ದಾರ ಕೇರಳವನ್ನು ದಾಟಿ, ಕೊಯಮತ್ತೂರಿನ ಆಸುಪಾಸಿನಲ್ಲಿ ಹಾದು, ತಮಿಳುನಾಡನ್ನು ದಾಟಿ ಬಂಗಾಳ ಕೊಲ್ಲಿಗೆ ಇಳಿಯುತ್ತದೆ. ಗೋಳದ ಮೇಲೆ ಎರಡು ಸ್ಥಳಗಳ ನಡುವಿನ ಅತಿ ಕಡಿಮೆ ದೂರ ಇದೇ. ಇದರ ಉದ್ದ ಸುಮಾರು 2240 ಕಿ.ಮೀ. ನನ್ನ ಪ್ರಶ್ನೆಯಲ್ಲಿದ್ದ ದೂರವೂ ಇದೇ.

ಇಲ್ಲೊಂದು ಸ್ವಾರಸ್ಯವಿದೆ. ಈ ಎರಡು ದ್ವೀಪಗಳ ರೇಖಾಂಶಗಳ ಅಂತರ ಸುಮಾರು 20.5 ಡಿಗ್ರಿ. ಭೂಮಿ ಒಂದು ಡಿಗ್ರಿ ತಿರುಗಲು 4 ನಿಮಿಷ ಬೇಕು. ಹಾಗಾದರೆ ಪೋರ್ಟ್ ಬ್ಲೇರ್‌ನಲ್ಲಿ ಸೂರ್ಯ ನೆತ್ತಿಯ ಮೇಲೆ ಬಂದು ಸುಮಾರು 82 ನಿಮಿಷಗಳಾದ ಮೇಲೆ ಅಗತ್ತಿಯಲ್ಲಿ ಮಧ್ಯಾಹ್ನವಾಗುತ್ತದೆ. ಆದರೂ ಎರಡು ಕಡೆಯ ಗಡಿಯಾರಗಳು ಒಂದೇ ಸಮಯವನ್ನು ತೋರಿಸುತ್ತವೆ. ಏಕೆಂದರೆ ಇಡೀ ಭಾರತಕ್ಕೆ 82.5 ಡಿಗ್ರಿ ರೇಖಾಂಶದ ಕಾಲವನ್ನೇ ಬಳಸುತ್ತೇವೆ. ಸೂರ್ಯ 82 ನಿಮಿಷದಲ್ಲಿ ದಾಟುವ ಈ ದಾರಿಗೆ ವಿಮಾನಕ್ಕೆ 2 ಗಂಟೆ 48 ನಿಮಿಷ ಬೇಕೆಂದಾಯಿತು. ಅದೂ ಭಾಗಾಕಾರದ ಲೆಕ್ಕದಲ್ಲಿ ಮಾತ್ರ.

ಅಂಥ ವಿಮಾನವೇ ಇಲ್ಲ!

ಈಗ ನನ್ನ ಪ್ರಶ್ನೆಯ ದೊಡ್ಡ ತಪ್ಪನ್ನು ಹೇಳುತ್ತೇನೆ. ಅಗತ್ತಿ ಒಂದು ಕಿರಿದಾದ ಹವಳ ದ್ವೀಪ. ಅಲ್ಲಿನ ಓಡುದಾರಿಯ ಉದ್ದ ಸುಮಾರು 1200 ಮೀಟರ್ ಮಾತ್ರ. ಎರಡು ತುದಿಗಳಿಗೂ ಸಮುದ್ರ ಹತ್ತಿರ. ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದ ಓಡುದಾರಿ 4000 ಮೀಟರ್ ಉದ್ದವಿದೆ. ಪೋರ್ಟ್ ಬ್ಲೇರ್‌ನದು 3000 ಮೀಟರಿಗಿಂತ ಹೆಚ್ಚು. ಗಂಟೆಗೆ 800 ಕಿ.ಮೀ. ಹಾರುವ ದೊಡ್ಡ ಜೆಟ್ ವಿಮಾನ ಅಗತ್ತಿಯ ಚಿಕ್ಕ ಓಡುದಾರಿಯಲ್ಲಿ ಇಳಿಯಲಾರದು. ಅಲ್ಲಿ ಇಳಿಯುವುದು ರೆಕ್ಕೆಗೆ ಪಂಖ ಕಟ್ಟಿಕೊಂಡಂತೆ ಕಾಣುವ ಎಟಿಆರ್‌ನಂಥ ಸಣ್ಣ ವಿಮಾನ. ಅದರ ವೇಗ ಗಂಟೆಗೆ ಸುಮಾರು 500 ಕಿ.ಮೀ. ಆದರೆ ತುಂಬ ಜನರನ್ನು ಕೂರಿಸಿಕೊಂಡು ಅದು ಒಂದೇ ಉಸಿರಿಗೆ 2240 ಕಿ.ಮೀ. ಹಾರಲಾರದು. ಅಷ್ಟು ಇಂಧನ ಹೊರುವುದು ಕಷ್ಟ.

ಇಳಿಯಬಲ್ಲ ವಿಮಾನ ಅಷ್ಟು ದೂರ ಹಾರಲಾರದು, ಹಾರಬಲ್ಲ ವಿಮಾನ ಅಲ್ಲಿ ಇಳಿಯಲಾರದು. ಆದ್ದರಿಂದ ಪ್ರಯಾಣಿಕರು ನಡುವೆ ಎಲ್ಲಾದರೂ ಇಳಿದು ಬೇರೆ ವಿಮಾನ ಹತ್ತಬೇಕು. ಬೆಂಗಳೂರಿನಲ್ಲಿ ಇಳಿದು ಹತ್ತಿದರು ಎಂದುಕೊಳ್ಳೋಣ. ಅಗತ್ತಿಯಿಂದ ಬೆಂಗಳೂರಿಗೆ ಸುಮಾರು 660 ಕಿ.ಮೀ. ಬೆಂಗಳೂರಿನಿಂದ ಪೋರ್ಟ್ ಬ್ಲೇರ್‌ಗೆ ಸುಮಾರು 1640 ಕಿ.ಮೀ. ಒಟ್ಟು 2300 ಕಿ.ಮೀ. ನೇರ ದಾರಿಗಿಂತ ಹೆಚ್ಚಾದದ್ದು ಬರೀ 60 ಕಿ.ಮೀ. ಆದರೆ ಕಾಲ? ಒಂದು ವಿಮಾನ ಇಳಿಯಬೇಕು, ಸಾಮಾನು ಪಡೆಯಬೇಕು, ತಪಾಸಣೆಗೆ ಸಾಲಿನಲ್ಲಿ ನಿಲ್ಲಬೇಕು, ಇನ್ನೊಂದು ವಿಮಾನಕ್ಕೆ ಕಾಯಬೇಕು. ಅಂದಿನ ವಿಮಾನ ತಪ್ಪಿದರೆ ರಾತ್ರಿ ಅಲ್ಲೇ ತಂಗಬೇಕು. ದೂರ ಹೆಚ್ಚಿದ್ದು ಕೊಂಚ, ಹೊತ್ತು ಹಿಡಿದದ್ದು ಇಡೀ ದಿನ. ಬಸರಾಳಿನಿಂದ ಮಂಡ್ಯಕ್ಕೆ ಹೋಗಿ, ಅಲ್ಲಿ ಮದ್ದೂರಿನ ಬಸ್ಸಿಗೆ ಕಾಯ್ದವರಿಗೆ ಇದು ಹೊಸ ವಿಷಯವೇನಲ್ಲ.

ಎರಡು ನಿಮಿಷದ ವಿಮಾನ

ದೂರ ಕಡಿಮೆಯಾದರೆ ಈ ತೊಂದರೆ ತಪ್ಪುತ್ತದೆಯೇ? ಇಲ್ಲ, ಇನ್ನೂ ಹೆಚ್ಚುತ್ತದೆ!

ಸ್ಕಾಟ್ಲೆಂಡಿನ ಉತ್ತರಕ್ಕೆ ಆರ್ಕ್ನಿ ಎಂಬ ದ್ವೀಪಗಳ ಗುಂಪು ಇದೆ. ಅಲ್ಲಿನ ವೆಸ್ಟ್ರೇ ಮತ್ತು ಪಾಪಾ ವೆಸ್ಟ್ರೇ ಎಂಬ ಎರಡು ಪುಟ್ಟ ದ್ವೀಪಗಳ ನಡುವೆ 1967ರಿಂದ ವಿಮಾನ ಹಾರುತ್ತಿದೆ. ದೂರ ಎಷ್ಟು ಗೊತ್ತೇ? ಕೇವಲ 2.7 ಕಿ.ಮೀ! ಬೆಂಗಳೂರಿನ ಓಡುದಾರಿಯ ಉದ್ದಕ್ಕಿಂತಲೂ ಕಡಿಮೆ. ವೇಳಾಪಟ್ಟಿಯಂತೆ ನಡೆಯುವ ವಿಮಾನಯಾನಗಳಲ್ಲಿ ಜಗತ್ತಿನಲ್ಲೇ ಅತಿ ಚಿಕ್ಕದು ಎಂದು ಇದು ಹೆಸರಾಗಿದೆ. ಎಂಟು ಜನ ಕೂರುವ ಐಲ್ಯಾಂಡರ್ ಎಂಬ ಸಣ್ಣ ವಿಮಾನ ಅದು.

ಈ ವಿಮಾನ ಗಂಟೆಗೆ ಸುಮಾರು 240 ಕಿ.ಮೀ. ಹಾರಬಲ್ಲದು. ಭಾಗಿಸಿ ನೋಡಿದರೆ 2.7 ಕಿ.ಮೀ.ಗೆ ಸುಮಾರು 40 ಸೆಕೆಂಡು ಸಾಕು. ಆದರೆ ವೇಳಾಪಟ್ಟಿಯಲ್ಲಿ ಕೊಟ್ಟಿರುವುದು 2 ನಿಮಿಷ. ಗಾಳಿ ಚೆನ್ನಾಗಿ ನೂಕಿದ ದಿನ 53 ಸೆಕೆಂಡಿನಲ್ಲಿ ತಲಪಿದ ದಾಖಲೆಯಿದೆ. 40 ಸೆಕೆಂಡಿಗೆ ಎಂದೂ ಆಗಿಲ್ಲ. ಏಕೆ? ಮೇಲೇರುವ ಹೊತ್ತಿಗೇ ಇಳಿಯಲು ಸಿದ್ಧವಾಗಬೇಕು. ಪೂರ್ತಿ ವೇಗ ಪಡೆಯಲು ಅವಕಾಶವೇ ಇಲ್ಲ. 2 ನಿಮಿಷಕ್ಕೆ 2.7 ಕಿ.ಮೀ. ಎಂದರೆ ಸರಾಸರಿ ವೇಗ ಗಂಟೆಗೆ 81 ಕಿ.ಮೀ. ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ ಕಾರುಗಳೂ ಇಷ್ಟು ವೇಗದಲ್ಲಿ ಹೋಗುತ್ತವೆ.

ನಮ್ಮ ಕಡೆಯ ಉದಾಹರಣೆ ನೋಡಿ. ಕೊಚ್ಚಿಯಿಂದ ಅಗತ್ತಿಗೆ ಸುಮಾರು 460 ಕಿ.ಮೀ. ಗಂಟೆಗೆ 500 ಕಿ.ಮೀ.ಯಂತೆ ಭಾಗಿಸಿದರೆ 55 ನಿಮಿಷ. ಆದರೆ ಈ ಪ್ರಯಾಣಕ್ಕೆ ಒಂದೂಕಾಲರಿಂದ ಒಂದೂವರೆ ಗಂಟೆ ಹಿಡಿಯುತ್ತದೆ. ವಿಮಾನ ನಿಂತ ಜಾಗದಿಂದ ಓಡುದಾರಿಯವರೆಗೆ ನಿಧಾನವಾಗಿ ಉರುಳಬೇಕು. ಅಪ್ಪಣೆಗೆ ಕಾಯಬೇಕು. ಮೇಲೇರಬೇಕು. ಇಳಿಯುವ ಮೊದಲು ವೇಗ ತಗ್ಗಿಸಿ, ಓಡುದಾರಿಗೆ ನೇರವಾಗುವಂತೆ ತಿರುಗಬೇಕು. ಈ ಕೆಲಸಗಳಿಗೆ ಬೇಕಾದ ಹೊತ್ತು ದೂರ ಎಷ್ಟೇ ಇರಲಿ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಹಾಗಾಗಿ ನಿಜವಾದ ಸೂತ್ರ ಹೀಗಿರಬೇಕು:

ಪ್ರಯಾಣದ ಒಟ್ಟು ಕಾಲ = ಕಾಯುವ, ಹೊರಡುವ, ನಿಲ್ಲುವ ಕಾಲ + (ದೂರ ÷ ವೇಗ)

ಪಠ್ಯಪುಸ್ತಕದ ಲೆಕ್ಕ ಎರಡನೆಯ ಭಾಗವನ್ನು ಮಾತ್ರ ಹೇಳುತ್ತದೆ. ದೂರದ ಪ್ರಯಾಣದಲ್ಲಿ ಎರಡನೆಯ ಭಾಗ ದೊಡ್ಡದು. ಹತ್ತಿರದ ಪ್ರಯಾಣದಲ್ಲಿ ಮೊದಲನೆಯದೇ ದೊಡ್ಡದಾಗಿಬಿಡುತ್ತದೆ. ಹತ್ತು ನಿಮಿಷದ ದಾರಿಗೆ ಮುಕ್ಕಾಲು ಗಂಟೆ ಬಸ್ಸು ಕಾಯುವುದು ನಮ್ಮ ಹಳ್ಳಿಗಳಲ್ಲಿ ಎಲ್ಲರಿಗೂ ಗೊತ್ತು.

ಗಾಳಿಯ ಪಾಲು

ನಾಲೆಯ ಏರಿಯ ಮೇಲೆ ಸೈಕಲ್ ತುಳಿದಿದ್ದೀರಾ? ಎದುರು ಗಾಳಿಯಿದ್ದರೆ ತೊಡೆ ನೋಯುತ್ತದೆ, ಬೆನ್ನ ಗಾಳಿಯಿದ್ದರೆ ಸೈಕಲ್ ತಾನಾಗಿ ಓಡುತ್ತದೆ. ವಿಮಾನಕ್ಕೂ ಹಾಗೆಯೇ. ಗಂಟೆಗೆ 800 ಕಿ.ಮೀ. ವೇಗದ ವಿಮಾನಕ್ಕೆ 100 ಕಿ.ಮೀ. ವೇಗದ ಎದುರು ಗಾಳಿ ಸಿಕ್ಕರೆ ನೆಲದ ಮೇಲಿನ ವೇಗ 700. ಬೆನ್ನ ಗಾಳಿ ಸಿಕ್ಕರೆ 900.

2240 ಕಿ.ಮೀ.ಗೆ ಹೋಗುವಾಗ ಎದುರು ಗಾಳಿ: 3 ಗಂಟೆ 12 ನಿಮಿಷ. ಬರುವಾಗ ಬೆನ್ನ ಗಾಳಿ: ಸುಮಾರು 2 ಗಂಟೆ 29 ನಿಮಿಷ. ಒಟ್ಟು 5 ಗಂಟೆ 41 ನಿಮಿಷ. ಗಾಳಿಯೇ ಇಲ್ಲದಿದ್ದರೆ ಹೋಗಿ ಬರಲು 5 ಗಂಟೆ 36 ನಿಮಿಷ. ಹೋಗುವಾಗ ಕಳೆದದ್ದು ಬರುವಾಗ ಪೂರ್ತಿ ಸಿಗಲಿಲ್ಲ, ಗಮನಿಸಿದಿರಾ? ಎದುರು ಗಾಳಿಯಲ್ಲಿ ನಾವು ಹೆಚ್ಚು ಹೊತ್ತು ಇರುತ್ತೇವೆ, ಬೆನ್ನ ಗಾಳಿಯಲ್ಲಿ ಕಡಿಮೆ ಹೊತ್ತು. ಅದಕ್ಕೇ ನಷ್ಟ ಹೆಚ್ಚು, ಲಾಭ ಕಡಿಮೆ.

ನಮ್ಮ ಪಕ್ಕದ ದ್ವೀಪ

ದ್ವೀಪ ಎಂದರೆ ಸಮುದ್ರದಲ್ಲೇ ಇರಬೇಕೆಂದಿಲ್ಲ. ನಮ್ಮ ಜಿಲ್ಲೆಯ ಶ್ರೀರಂಗಪಟ್ಟಣ ಕಾವೇರಿಯ ನಡುವಿನ ದ್ವೀಪ. ಮಳವಳ್ಳಿಯ ಆಚೆಗಿರುವ ಶಿವನಸಮುದ್ರವೂ ಕಾವೇರಿ ಕವಲೊಡೆದು ಆದ ದ್ವೀಪ. ಅಲ್ಲಿನ ನೀರಿನಿಂದ ವಿದ್ಯುತ್ ತಯಾರಿಸಿ 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ಕಳಿಸಿದ್ದರು.

ಶಿವನಸಮುದ್ರದ ಒಂದು ಕಡೆ ಗಗನಚುಕ್ಕಿ, ಇನ್ನೊಂದು ಕಡೆ ಭರಚುಕ್ಕಿ. ಹಕ್ಕಿ ಹಾರಿದರೆ ಎರಡೂ ಹತ್ತಿರ ಹತ್ತಿರ. ಆದರೆ ಮಳವಳ್ಳಿ ಕಡೆಯಿಂದ ಗಗನಚುಕ್ಕಿ ನೋಡಿದವರು ಭರಚುಕ್ಕಿಗೆ ಹೋಗಬೇಕಾದರೆ ನದಿಯನ್ನು ಸೇತುವೆಯಲ್ಲಿ ದಾಟಿ, ಹತ್ತು ಕಿ.ಮೀ.ಗಿಂತ ಹೆಚ್ಚು ಸುತ್ತಬೇಕು. ಹಕ್ಕಿಯ ದೂರ ಒಂದು, ಮನುಷ್ಯನ ದೂರ ಇನ್ನೊಂದು. ಭೂಪಟದಲ್ಲಿ ಅಳತೆಪಟ್ಟಿ ಇಟ್ಟು ಅಳೆದರೆ ನಮಗೆ ಸಿಗುವುದು ಹಕ್ಕಿಯ ದೂರ.

ನಮ್ಮ ಹಿರಿಯರಿಗೆ ಇದು ಚೆನ್ನಾಗಿ ಗೊತ್ತಿತ್ತು. ಬಸರಾಳಿನ ಮಲ್ಲಿಕಾರ್ಜುನ ದೇವಾಲಯ ಹೊಯ್ಸಳರ ಕಾಲದ್ದು, 1234ರ ಸುಮಾರಿನದು. ಆಗ ಅಲ್ಲಿಗೆ ಬರುತ್ತಿದ್ದವರಿಗೆ ಕಿಲೋಮೀಟರ್ ಕಲ್ಲುಗಳಿರಲಿಲ್ಲ. ಈಗಲೂ ಅಜ್ಜಿಯನ್ನು "ಆ ಊರು ಎಷ್ಟು ದೂರ?" ಎಂದು ಕೇಳಿ ನೋಡಿ. "ಎಲೆ ಅಡಿಕೆ ಹಾಕ್ಕೊಂಡು ಉಗುಳೋ ಹೊತ್ತಿಗೆ ಸಿಗ್ತದೆ", "ಹೊತ್ತು ಹುಟ್ಟೋಕೆ ಮುಂಚೆ ಹೊರಟರೆ ಊಟದ ಹೊತ್ತಿಗೆ ಹೋಗ್ಬೋದು" ಎನ್ನುತ್ತಾರೆ. ದೂರ ಕೇಳಿದರೆ ಹೊತ್ತನ್ನು ಹೇಳುತ್ತಾರೆ. ಅದನ್ನು ಕೇಳಿ ನಗಬೇಡಿ. ದಾರಿ ಏರೋ ಇಳಿಜಾರೋ, ಕೆಸರೋ ಒಣನೆಲವೋ ಎಂಬುದೆಲ್ಲ ಆ ಉತ್ತರದೊಳಗೆ ಸೇರಿರುತ್ತದೆ.

ಇದು ಬರೀ ಲೆಕ್ಕವಲ್ಲ

ಆ ಹುಡುಗಿಯ ಮನೆಗೆ ಮುಂದೊಮ್ಮೆ ಶಿಕ್ಷಕರೊಂದಿಗೆ ಹೋಗಿದ್ದೆ. ಜಗಲಿಯ ಮೇಲೆ ನಿಂತರೆ ಕೆರೆಯ ಆಚೆ ದಡದಲ್ಲಿ ಶಾಲೆ ಕಾಣುತ್ತದೆ. ಕಣ್ಣಳತೆಗೆ ಒಂದು ಕಿ.ಮೀ. ಇರಬಹುದು. ಆದರೆ ಅವಳು ಏರಿಯನ್ನು ಸುತ್ತಿ ಬರಬೇಕು. ಮುಕ್ಕಾಲು ಗಂಟೆ ಬೇಕು. ಕೆರೆ ಕೋಡಿ ಬಿದ್ದಾಗ ಆ ದಾರಿಯೂ ಇಲ್ಲ, ಇನ್ನೂ ಸುತ್ತಬೇಕು. "ಜಾಸ್ತಿ ಆಗುತ್ತದೆ" ಎಂಬ ಉತ್ತರವನ್ನು ಅವಳು ಯಾವ ಪುಸ್ತಕದಿಂದಲೂ ಕಲಿತಿರಲಿಲ್ಲ. ದಿನವೂ ನಡೆದು ಕಲಿತಿದ್ದಳು.

2009ರ ಶಿಕ್ಷಣ ಹಕ್ಕು ಕಾಯ್ದೆಗೆ ಕೇಂದ್ರ ಸರ್ಕಾರ 2010ರಲ್ಲಿ ಮಾದರಿ ನಿಯಮಗಳನ್ನು ರೂಪಿಸಿತು. 1ರಿಂದ 5ನೇ ತರಗತಿಯ ಮಕ್ಕಳಿಗೆ ಒಂದು ಕಿ.ಮೀ., 6ರಿಂದ 8ನೇ ತರಗತಿಯವರಿಗೆ ಮೂರು ಕಿ.ಮೀ. ನಡಿಗೆಯ ದೂರದಲ್ಲಿ ಶಾಲೆ ಇರಬೇಕು ಎಂದು ಅವು ಹೇಳುತ್ತವೆ. "ನಡಿಗೆಯ ದೂರ" ಎಂಬ ಮಾತನ್ನು ಗಮನಿಸಿ. ಹಕ್ಕಿಯ ದೂರವಲ್ಲ. ಪ್ರವಾಹದ ಅಪಾಯವಿರುವ, ರಸ್ತೆಯಿಲ್ಲದ ಕಡೆಗಳಲ್ಲಿ ಈ ಮಿತಿಯನ್ನು ಇನ್ನೂ ಕಡಿಮೆ ಮಾಡಬೇಕು ಎಂದೂ ಅವುಗಳಲ್ಲಿದೆ. ಆದರೆ ನಡಿಗೆಯ ದೂರವನ್ನು ಮೇಜಿನ ಮೇಲಿನ ಭೂಪಟದಲ್ಲಿ ಅಳೆಯಲಾಗುವುದಿಲ್ಲ. ನಡೆದೇ ಅಳೆಯಬೇಕು. ದಿನವೂ ನಡೆಯುವವರು ಯಾರು? ನೀವೇ ಅಲ್ಲವೇ?

ಆಸ್ಪತ್ರೆಯ ವಿಷಯದಲ್ಲಿ ಇದು ಇನ್ನೂ ಮುಖ್ಯ. ಕರ್ನಾಟಕದಲ್ಲಿ 108 ಆಂಬುಲೆನ್ಸ್ ಸೇವೆ 2008ರ ನವೆಂಬರ್‌ನಲ್ಲಿ ಶುರುವಾಯಿತು. ಹಾವು ಕಚ್ಚಿದವರಿಗೆ "ಆಸ್ಪತ್ರೆ 12 ಕಿ.ಮೀ. ದೂರ" ಎಂದರೆ ಏನು ಉಪಯೋಗ? ವಾಹನ ಬರಲು ಎಷ್ಟು ನಿಮಿಷ, ರೋಗಿಯನ್ನು ಹತ್ತಿಸಲು ಎಷ್ಟು ನಿಮಿಷ, ದಾರಿಯಲ್ಲಿ ಎಷ್ಟು ನಿಮಿಷ ಎಂಬುದೇ ಅಲ್ಲಿ ಲೆಕ್ಕ.

ನೀವು ಮಾಡಬಹುದಾದ ಕೆಲಸ

ಪ್ರತಿ ಶಾಲೆಯ ಗೋಡೆಯ ಮೇಲೆ ಊರಿನ ನಕ್ಷೆಯ ಪಕ್ಕದಲ್ಲಿ ಒಂದು "ಹೊತ್ತಿನ ನಕ್ಷೆ" ಇರಬೇಕು ಎಂಬುದು ನನ್ನ ಅಭಿಪ್ರಾಯ. ಅದನ್ನು ಮಕ್ಕಳೇ ತಯಾರಿಸಬೇಕು. ಹೀಗೆ ಮಾಡಿ:

1. ನಿಮ್ಮ ಮನೆಯಿಂದ ಶಾಲೆಗೆ, ಬಸ್ ನಿಲ್ದಾಣಕ್ಕೆ, ಆಸ್ಪತ್ರೆಗೆ, ಪ್ರೌಢಶಾಲೆಗೆ ಎಷ್ಟು ನಿಮಿಷ ಬೇಕೆಂದು ಗಡಿಯಾರ ನೋಡಿ ಬರೆದಿಡಿ. ಒಂದೇ ದಿನ ಅಳೆದರೆ ಸಾಲದು. ಐದು ದಿನ ಅಳೆದು ಸರಾಸರಿ ತೆಗೆಯಿರಿ. ಅತಿ ಹೆಚ್ಚು ಹೊತ್ತು ಹಿಡಿದ ದಿನವನ್ನು ಬೇರೆಯಾಗಿ ಗುರುತಿಸಿ.

2. ಕಾಯ್ದ ಹೊತ್ತನ್ನೂ ನಡೆದ ಹೊತ್ತನ್ನೂ ಎರಡು ಕಾಲಂಗಳಲ್ಲಿ ಬರೆಯಿರಿ.

3. ಅದೇ ದಾರಿಯನ್ನು ಅಜ್ಜ ಅಥವಾ ಅಜ್ಜಿ ಎಷ್ಟು ಹೊತ್ತಿನಲ್ಲಿ ನಡೆಯುತ್ತಾರೆ, ಒಂದನೇ ತರಗತಿಯ ತಮ್ಮ ತಂಗಿಯರು ಎಷ್ಟು ಹೊತ್ತಿನಲ್ಲಿ ನಡೆಯುತ್ತಾರೆ, ನೋಡಿ.

4. ಮಳೆಗಾಲದಲ್ಲಿ ಒಮ್ಮೆ, ಬೇಸಿಗೆಯಲ್ಲಿ ಒಮ್ಮೆ ಅಳೆಯಿರಿ. ನೀರು ಹರಿಯುವಾಗ ಹಳ್ಳ, ನಾಲೆ, ಕೋಡಿಯ ಹತ್ತಿರ ಹೋಗಬೇಡಿ. ದಾರಿ ಮುಚ್ಚಿದೆ ಎಂದು ಬರೆದರೆ ಸಾಕು, ಅದೂ ಒಂದು ಅಳತೆಯೇ.

ಈ ನಕ್ಷೆಯನ್ನು ಮಕ್ಕಳ ಗ್ರಾಮಸಭೆಗೆ ತೆಗೆದುಕೊಂಡು ಹೋಗಿ. "ನಮಗೆ ಸೇತುವೆ ಬೇಕು" ಎಂದು ಬರೀ ಕೇಳಿದರೆ ಆಗಲಿ ನೋಡೋಣ ಎನ್ನುತ್ತಾರೆ. "ಸೇತುವೆ ಇಲ್ಲದ್ದರಿಂದ ಹದಿನಾಲ್ಕು ಮಕ್ಕಳು ದಿನಕ್ಕೆ ಅರ್ಧ ಗಂಟೆ ಹೆಚ್ಚು ನಡೆಯುತ್ತೇವೆ, ಇಲ್ಲಿದೆ ಐದು ದಿನದ ಅಳತೆ" ಎಂದು ಮುಂದಿಟ್ಟರೆ ಉತ್ತರ ಹೇಳಲೇಬೇಕಾಗುತ್ತದೆ.

ಹಾಗಾದರೆ ಪರೀಕ್ಷೆಯಲ್ಲಿ ಏನು ಬರೆಯಬೇಕು ಎಂದು ನೀವು ಕೇಳಬಹುದು. ನನ್ನ ಕೆಲವು ಸಹೋದ್ಯೋಗಿಗಳೂ, "ಮಕ್ಕಳಿಗೆ ಗೊಂದಲ ಮಾಡಬೇಡಿ, ಸೂತ್ರ ಕಲಿಯಲಿ ಸಾಕು" ಎನ್ನುತ್ತಾರೆ. ಅವರ ಮಾತಿನಲ್ಲೂ ಅರ್ಥವಿದೆ. ಭಾಗಾಕಾರ ಬಾರದವರು ಮುಂದಿನ ಯೋಚನೆ ಮಾಡಲಾರರು. ಆದ್ದರಿಂದ 2 ಗಂಟೆ 48 ನಿಮಿಷ ಎಂದೇ ಬರೆಯಿರಿ. ಅದರ ಕೆಳಗೆ ಒಂದು ಸಾಲು ಸೇರಿಸಿ: "ವಿಮಾನ ಉದ್ದಕ್ಕೂ ಒಂದೇ ವೇಗದಲ್ಲಿ, ಗಾಳಿಯಿಲ್ಲದೆ, ನೇರ ದಾರಿಯಲ್ಲಿ ಹಾರಿದರೆ ಮಾತ್ರ." ಈ ಒಂದು ಸಾಲು ಬರೆಯಲು ಬಂದರೆ ನಿಮಗೆ ಸೂತ್ರವೂ ಬಂದಿದೆ, ಸೂತ್ರದ ಮಿತಿಯೂ ತಿಳಿದಿದೆ ಎಂದು ಅರ್ಥ. ಶಿಕ್ಷಕರು ಆ ಸಾಲಿಗೂ ಅಂಕ ಕೊಡಬೇಕು ಎಂದು ಈ ಪುಟದ ಮೂಲಕ ಕೇಳಿಕೊಳ್ಳುತ್ತೇನೆ.

ಆ ಹುಡುಗಿ ಈಗ ಶಾಲೆ ಬಿಟ್ಟು ಪ್ರೌಢಶಾಲೆ ಸೇರಿ ಮುಂದೆ ಹೋಗಿದ್ದಾಳೆ. ಅವಳ ಉತ್ತರ ಪತ್ರಿಕೆ ನನ್ನ ಬಳಿ ಇಲ್ಲ, ಸೊನ್ನೆಯನ್ನು ತಿದ್ದಲಾರೆ. ಅದಕ್ಕೇ ನೂರಾರು ಶಾಲೆಗಳ ಮಕ್ಕಳು ಓದುವ ಈ ಪುಟದಲ್ಲಿ ಬರೆಯುತ್ತಿದ್ದೇನೆ: ಅವಳ ಉತ್ತರ ಸರಿ. ತಪ್ಪಾಗಿದ್ದದ್ದು ನನ್ನ ಪ್ರಶ್ನೆ.